ಹಂಪಯ್ಯನನ್ನು ತೆಗೆಯುವ ಯಂತ್ರ

ಕಾಚಿಗೂಡ, ಹೈದರಾಬಾದ್
ಜುಲೈ 2, 2025

ತಂಗಿ ಶಾರದಾಬಾಯಿಗೆ ನಿನ್ನ ಅಣ್ಣ ಹನುಮಂತರಾಯ ಮಾಡುವ ಆಶೀರ್ವಾದಗಳು.

ನಿನ್ನ ಮಂಡಿನೋವು ಹೇಗಿದೆ? ನಿನ್ನ ಅತ್ತೆ ಗಂಗೂಬಾಯಿಯವರಿಗೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಸೊಸೆಯ ಮುಖ ಸ್ಪಷ್ಟವಾಗಿ ಕಾಣುತ್ತಿದೆಯೋ, ಅಥವಾ ಕಾಣದಿದ್ದಾಗಲೇ ಚೆನ್ನಾಗಿತ್ತು ಅನ್ನುತ್ತಿದ್ದಾರೋ? ರಾಯಚೂರಿನಲ್ಲಿ ನಿನ್ನ ಮಗಳು ಉಮಾಶ್ರೀ, ಅಳಿಯಂದಿರು ಆರಾಮ ಇದ್ದಾರೆಂದು ನಿನ್ನ ಅತ್ತಿಗೆ ಗೋದಾವರಿ ಫೋನಿನಲ್ಲಿ ಕೇಳಿ ಹೇಳಿದಳು. ಗೋದಾವರಿಯ ಕೆಮ್ಮು ಬಿಟ್ಟಿದೆ. ಆರಾಮ ಇಲ್ಲದವನು ನಾನೊಬ್ಬನೇ, ಅದಕ್ಕೆ ಕಾರಣ ನೀನು.

ನಿನಗೆ ಫೋನಿನಲ್ಲಿ ಕಿವಿ ಕೇಳುವುದಿಲ್ಲ, ನನಗೆ ಓಣಿಗೆಲ್ಲ ಕೇಳುವಂತೆ ಒದರಲು ಆಗುವುದಿಲ್ಲ, ಹೀಗಾಗಿ ಕಾಗದ ಒಳ್ಳೆಯದೆಂದು ನಾನೇ ಹೇಳಿದ್ದೆ. ಆದರೆ ಕಾಗದವೆಂದರೆ ದಿನಕ್ಕೊಂದು ಹುಕುಂ ಅಲ್ಲ ತಾಯಿ. ಉಮಾಶ್ರೀಯ ಮದುವೆಯ ವಿಡಿಯೊ ನಾನು ಎಂದೋ ಮುಗಿಸಿಟ್ಟಿದ್ದೆ. ನೀನು ಊಟದ ಪಂಕ್ತಿಯಿಂದ ನಿನ್ನ ಮೈದುನ ಹಂಪಯ್ಯನನ್ನು ತೆಗೆ ಅಂದೆ. ತೆಗೆದೆ. ಆಮೇಲೆ ಅತ್ತೆಯವರು ಮಗನ ಮುಖ ಕಾಣದೆ ಅತ್ತರು, ಹಾಕು ಅಂದೆ. ಹಾಕಿದೆ. ಈಗ ಇಡೀ ಮದುವೆಯಿಂದಲೇ ಅವನನ್ನು ತೆಗೆ ಅನ್ನುತ್ತೀ.

ಒಮ್ಮೆ ತೆಗೆದು ಒಮ್ಮೆ ಹಾಕುವುದು ಕತ್ತರಿ ಕೆಲಸವಲ್ಲ. ತುಣುಕು ಜೋಡಿಸಿದ ಮೇಲೆ ಪ್ರತಿ ಸಲವೂ ಇಡೀ ಸಿನಿಮಾವನ್ನು ಮೊದಲಿನಿಂದ ಕಂಪ್ಯೂಟರು ಒಂದಾಗಿ ಬೇಯಿಸಿ ತೆಗೆಯಬೇಕು. ಆ ಕೆಲಸ ಮಾಡುವುದು ಅದರೊಳಗಿನ ಗ್ರಾಫಿಕ್ಸ್ ಕಾರ್ಡ್ ಎಂಬ ಹಲಗೆ. ಅದಕ್ಕೆ ಕೆಲಸ ಹೆಚ್ಚಾದರೆ ಒಲೆಯಂತೆ ಕಾಯುತ್ತದೆ. ಗಾಳಿ ಬೀಸಲು ಅದರ ಬೆನ್ನಿಗೆ ಎರಡು ಪುಟ್ಟ ಫ್ಯಾನುಗಳಿವೆ. ಒಂದು ನಿಂತು ತಿಂಗಳಾಯಿತು, ಇನ್ನೊಂದು ನಿನ್ನ ಕಾಗದ ಬಂದ ದಿನವೇ ನಿಂತಿತು. ಈಗ ಕೆಲಸಕ್ಕೆ ಹಚ್ಚಿದರೆ ಕಾರ್ಡು ಕಾದು ಕಂಪ್ಯೂಟರು ತಾನೇ ಆರಿ ಕೂರುತ್ತದೆ.

ಇನ್ನೊಂದು ಮಾತು. ಮದುಮಗಳನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ, ನಾನು. ನನ್ನ ಕೈಯಲ್ಲಿ ಕ್ಯಾಮೆರಾ ಇತ್ತು. ಹಾಗಾಗಿ ಹಂಪಯ್ಯನೇ ಅವಳ ಕೈ ಹಿಡಿದು ತಂದ. ಅವನನ್ನು ತೆಗೆದರೆ ನಿನ್ನ ಮಗಳು ಮಂಟಪಕ್ಕೆ ಒಬ್ಬಳೇ ಬರುತ್ತಾಳೆ, ಬಸ್‌ಸ್ಟ್ಯಾಂಡಿಗೆ ಬಂದ ಹಾಗೆ.

ನಾಗರ ಪಂಚಮಿ ಹತ್ತಿರ ಬಂತು. ಆಷಾಢಕ್ಕೆ ಬೀಗರು ಹುಡುಗಿಯನ್ನು ಕಳಿಸಲಿಲ್ಲ, ಏಕೆಂದರೆ ಕರೆಯಲು ಯಾರೂ ಹೋಗಲಿಲ್ಲ. ಅವರದು ತಪ್ಪಿಲ್ಲ, ತಂದೆಯ ಮನೆತನದ ಗಂಡಸು ಬಂದು ಕರೆದರೆ ಕಳಿಸುವುದು ಅವರ ಪದ್ಧತಿ. ತಂದೆ ಇಲ್ಲ, ಅಣ್ಣತಮ್ಮಂದಿರಿಲ್ಲ, ಇರುವವನು ಒಬ್ಬ ಕಾಕಾ ಹಂಪಯ್ಯ, ಅವನನ್ನೇ ನೀನು ತೆಗೆ ಅನ್ನುತ್ತೀ. "ಅತ್ತೀ, ಪಂಚಮಿಗೆ ಯಾರು ಬರ್ತಾರ್ರಿ ನನ್ನ ಕರ್ಯಾಕ?" ಎಂದು ಉಮಾಶ್ರೀ ಗೋದಾವರಿಯನ್ನು ಕೇಳಿದಳಂತೆ. ಗೋದಾವರಿ ಮಳೆಯ ಮಾತು ತೆಗೆದಳಂತೆ.

ಯೋಚಿಸಿ ಬರಿ.

ನಿನ್ನ ಅಣ್ಣ
ಹನುಮಂತರಾಯ

*

ಸೇಡಂ
ಜುಲೈ 7, 2025

ಅಣ್ಣನಿಗೆ ಶಾರದಾಬಾಯಿಯ ನಮಸ್ಕಾರಗಳು. ಗೋದಾವರಿ ವೈನಿಗೂ ನಮಸ್ಕಾರ ಹೇಳು. ಕೆಮ್ಮು ಮತ್ತೆ ಬಂದರೆ ಜ್ಯೇಷ್ಠಮಧು ಬಾಯಲ್ಲಿ ಇಟ್ಟುಕೊಳ್ಳಲಿ.

ನನ್ನ ಮಂಡಿ ಇದ್ದ ಹಾಗೇ ಇದೆ. ಅತ್ತೆಗೆ ಈಗ ಎಲ್ಲವೂ ಕಾಣುತ್ತದೆ, ಪಾತ್ರೆಯ ತಳದ ಕಪ್ಪು ಕೂಡ.

ಯೋಚನೆ ಮಾಡುವುದು ಏನೂ ಇಲ್ಲ. ಹೆಣ್ಣು ಒಪ್ಪಿಸುವ ಹೊತ್ತಿಗೆ ಬೀಗರು ಸಾಲಾಗಿ ನಿಂತಿದ್ದರು. ನಮ್ಮ ಕಡೆಯಿಂದ ಯಾರು ಎಂದು ಸ್ವಾಮಿಗಳು ಕೇಳಿದರು. ನಾನು ಹಂಪಯ್ಯನ ಹೆಸರು ಹೇಳಿದೆ. ಹಂಪಯ್ಯ ಇಲ್ಲ. ಪೆಂಡಾಲಿನಲ್ಲಿ ಇಲ್ಲ, ಅಡುಗೆಯ ಕಡೆ ಇಲ್ಲ. ಗಂಡನಿಲ್ಲದ ನಾನು ಎಲ್ಲರೆದುರು ಮುಂದೆ ಹೋಗಿ ನನ್ನ ಮಗಳ ಕೈಯನ್ನು ಅವರ ಕೈಯಲ್ಲಿ ಇಟ್ಟೆ. ಆಹೇರಿ ಉಡುಗೊರೆ ಕೊಟ್ಟವರ ಹೆಸರು ಓದುವಾಗ ಮೈಕಿನವನು ಅವನ ಹೆಸರನ್ನು ಯಾರ ಹೆಸರೋ ಆದ ಮೇಲೆ ಓದಿದ, ಅದಕ್ಕೆ ಸಿಟ್ಟಾಗಿ ಹೋದ ಎಂದು ಮಂದಿ ಹೇಳಿದರು. ಸಿಟ್ಟಿದ್ದರೆ ಮೈಕಿನವನ ಕಪಾಳಕ್ಕೆ ಹೊಡೆಯಬೇಕಿತ್ತು. ಎಲ್ಲ ಮುಗಿದ ಮೇಲೆ ಬೆವರು ಸುರಿಸುತ್ತ ಬಂದ. ಕೇಳಿದರೆ ಬಾಯಿ ಬಿಡಲಿಲ್ಲ. ಅವತ್ತೇ ಹೈದರಾಬಾದಿಗೆ, ಉಪ್ಪಲ್‌ನ ತನ್ನ ಅಂಗಡಿಗೆ ಹೋದವನು ತನ್ನ ತಾಯಿಯನ್ನು ನೋಡಲು ಕೂಡ ಬಂದಿಲ್ಲ.

ತೆಗೆ. ನನ್ನ ಮಗಳು ಒಬ್ಬಳೇ ಬಂದಂತೆ ಕಾಣಲಿ. ಅದೇ ಖರೆ.

ನಿನ್ನ ಕಾರ್ಡಿನ ಪುರಾಣ ನನಗೆ ತಿಳಿಯಲಿಲ್ಲ. ಒಂದು ಡಬ್ಬಿಗೆ ಗಾಳಿ ಹಾಕಲು ಇಷ್ಟು ಬರೆಯಬೇಕೇ? ಮನೆಯ ಟೇಬಲ್ ಫ್ಯಾನು ಹಚ್ಚು. ಪಂಚಮಿಗೆ ಓಣಿಯ ಮಂದಿಯನ್ನೆಲ್ಲ ಕರೆದಿದ್ದೇನೆ, ಟಿವಿಯಲ್ಲಿ ಹಾಕಿ ತೋರಿಸಬೇಕು.

ಉಮಾಳನ್ನು ಕರೆಯಲು ಯಾರನ್ನಾದರೂ ನೋಡುತ್ತೇನೆ. ಊರಲ್ಲಿ ಗಂಡಸರೇನು ಒಣಗಿ ಹೋಗಿಲ್ಲ.

ನಿನ್ನ ತಂಗಿ
ಶಾರದಾ

*

ಕಾಚಿಗೂಡ
ಜುಲೈ 13, 2025

ತಂಗಿ ಶಾರದಾಬಾಯಿಗೆ ಆಶೀರ್ವಾದಗಳು.

ನಿನ್ನ ಸಲಹೆಯಂತೆ ಟೇಬಲ್ ಫ್ಯಾನು ಹಚ್ಚಿದೆ. ಕಂಪ್ಯೂಟರಿನ ಬದಿಯ ತಗಡು ಬಿಚ್ಚಿ, ಫ್ಯಾನನ್ನು ಕುರ್ಚಿಯ ಮೇಲೆ ಇಟ್ಟು, ಪೂರಾ ಜೋರಿನಲ್ಲಿ ಬಿಟ್ಟೆ. ಆ ಕೋಣೆಯ ಬಾಗಿಲಿನಲ್ಲಿ ಗೋದಾವರಿ ಜೋಳದ ಹಿಟ್ಟು ಸಾಣಿಸುತ್ತ ಕೂತಿದ್ದಳು. ಒಂದು ಹೊತ್ತಿನ ರೊಟ್ಟಿಯ ಹಿಟ್ಟು ಕಂಪ್ಯೂಟರಿನ ಹೊಟ್ಟೆಗೆ ಹೋಯಿತು. ಬ್ರಷ್ಷಿನಿಂದ ಉಜ್ಜಿ ಉಜ್ಜಿ ನನ್ನ ಕೈ ಬಿದ್ದುಹೋಯಿತು. ಇನ್ನು ಮೇಲೆ ಸಲಹೆ ಕೊಡಬೇಡ.

ಸಿಕಂದರಾಬಾದಿನ ಕಂಪ್ಯೂಟರ್ ಬಜಾರಿಗೆ ಹೋದೆ. ಅಂಗಡಿಯವನು ಕಾರ್ಡನ್ನು ಹಳೆಯ ಚಪ್ಪಲಿ ಹಿಡಿದಂತೆ ಹಿಡಿದು, "ಚಾಚಾ, ಇಸ್ಕು ಪಂಖಾ ನೈ ಮಿಲ್ತಾ, ನವಾ ಕಾರ್ಡ್ ಲೇಲೋ" ಎಂದ. ಇದರ ಫ್ಯಾನು ಸಿಗುವುದಿಲ್ಲವಂತೆ, ಹೊಸ ಕಾರ್ಡೇ ಬೇಕಂತೆ. ಅದರ ಬೆಲೆ ಕೇಳಿ, ಅಲ್ಲೇ ಹೊರಗೆ ಚಹಾ ಕುಡಿದು ಬಂದೆ.

ಆದರೆ ನಾನು ಯಾರ ಹತ್ತಿರವೂ ಕಲಿತವನಲ್ಲ, ಹೀಗಾಗಿ ಆಗುವುದಿಲ್ಲ ಎನ್ನುವುದನ್ನೂ ಯಾರೂ ಕಲಿಸಿಲ್ಲ. ಅಟ್ಟದ ಮೇಲೆ ನನ್ನ ಹಳೆಯ ಕಂಪ್ಯೂಟರು ಬಿದ್ದಿತ್ತು. ಅದರ ಪ್ರೊಸೆಸರ್ ತಣ್ಣಗಿಡಲು ಒಂದು ಕೂಲರ್ ಇದೆ. ತಳದಲ್ಲಿ ತಾಮ್ರದ ಬಿಲ್ಲೆ, ಮೇಲೆ ಪುಸ್ತಕದ ಹಾಳೆಗಳಂತೆ ಅಲ್ಯುಮಿನಿಯಂ ಪದರಗಳು, ಪಕ್ಕಕ್ಕೆ ಅಂಗೈಯಗಲದ ಫ್ಯಾನು. ಅದು ಪ್ರೊಸೆಸರಿಗೆಂದು ಮಾಡಿದ್ದು ನಿಜ. ಆದರೆ ಬಿಸಿಗೇನು ಜಾತಿಯೇ? ಅದನ್ನೇ ಕಾರ್ಡಿನ ದೊಡ್ಡ ಚಿಪ್ಪಿನ ಮೇಲೆ ಕೂರಿಸಿದರಾಯಿತು ಎಂದುಕೊಂಡೆ.

ಕೂರಲಿಲ್ಲ. ಕೂಲರಿನ ಕಾಲುಗಳು ಅಗಲ, ಕಾರ್ಡಿನ ತೂತುಗಳು ಹತ್ತಿರ ಹತ್ತಿರ. ನಡುವೆ ಒಂದು ಕಬ್ಬಿಣದ ಪಟ್ಟಿ ಬೇಕು, ಅದರಲ್ಲಿ ಎರಡೂ ಅಳತೆಯ ತೂತು ಬೇಕು. ಪರಿಚಯದವನೊಬ್ಬನಿಗೆ ಕಾಗದದ ಮೇಲೆ ಅಚ್ಚು ತೆಗೆದು ಕೊಟ್ಟೆ. ಆ ಪುಣ್ಯಾತ್ಮ ಎಂಥದ್ದು ತಂದ ಗೊತ್ತೇ? ಕಳ್ಳ ಬಂದು ಜಗ್ಗಿದರೂ ಅಲುಗದಂಥದ್ದು. ಹಾಕಿದ ಕೂಡಲೇ ಕಾರ್ಡು ಮುಂಭಾರವಾಗಿ ತಲೆ ತಗ್ಗಿಸಿತು. ಕಂಪ್ಯೂಟರಿನೊಳಗೆ ಕಾರ್ಡು ಅಡ್ಡಲಾಗಿ ನಿಲ್ಲುತ್ತದೆ, ಭಾರ ಹೆಚ್ಚಾದರೆ ಬುಡವೇ ಮುರಿಯುತ್ತದೆ ಎಂದು ಎಷ್ಟು ಹೇಳಿದರೂ ಅವನಿಗೆ ತಲೆಗೆ ಹೋಗದು. "ಗಟ್ಟಿ ಇರಬೇಕ್ರಿ, ಗಟ್ಟಿ ಇರಬೇಕ್ರಿ" ಅದೊಂದೇ ಮಂತ್ರ.

ಎರಡನೇ ಸಲ ತೆಳ್ಳಗಿನ ಪಟ್ಟಿ ತಂದ. ಸೈಕಲ್ ಟ್ಯೂಬಿನಿಂದ ವಾಷರ್ ಕತ್ತರಿಸಿ, ಕಬ್ಬಿಣ ಕಾರ್ಡಿಗೆ ತಾಗದಂತೆ ಕೂರಿಸಿದೆವು. ಚಿಪ್ಪಿಗೂ ತಾಮ್ರಕ್ಕೂ ನಡುವೆ ಬಿಸಿ ದಾಟಿಸುವ ಬಿಳಿ ಪೇಸ್ಟ್ ಹಚ್ಚಿದೆವು. ಕೂಲರಿನ ಫ್ಯಾನಿನ ಪ್ಲಗ್ ಕಾರ್ಡಿಗೆ ಹೊಂದಲಿಲ್ಲ, ಅದನ್ನು ಕೆಳಗಿನ ದೊಡ್ಡ ಹಲಗೆಗೆ ಸಿಕ್ಕಿಸಿದೆ. ಕಾರ್ಡಿನ ತುದಿಯನ್ನು ದಾರದಿಂದ ಮೇಲಕ್ಕೆ ಎಳೆದು ಕಟ್ಟಿದೆ. ಫ್ಯಾನು ತಿರುಗಿತು. ನನಗೆ ಕುಣಿಯುವಷ್ಟು ಸಂತೋಷ.

ಅರ್ಧ ಗಂಟೆಯಲ್ಲಿ ಮನೆಯೆಲ್ಲ ಬಣ್ಣದ ವಾಸನೆ. ಗೋದಾವರಿ, "ಮನಿ ಸುಡಾಕತ್ತೈತಿ, ನಿಮ್ಮ ತಂಗಿ ಸಿನಿಮಾ ಬೇಯಾಕತ್ತೈತಿ" ಎಂದು ಕೊಡದ ನೀರು ಎತ್ತಿಕೊಂಡು ಬಂದಳು. ನಾನು ಅಡ್ಡ ನಿಲ್ಲದಿದ್ದರೆ ಕಂಪ್ಯೂಟರಿಗೆ ಜಳಕವಾಗುತ್ತಿತ್ತು. ನೋಡಿದರೆ ಆ ಮಹಾಶಯ ಪಟ್ಟಿಗೆ ರೆಡ್ ಆಕ್ಸೈಡ್ ಎಂಬ ಕೆಂಪು ಬಣ್ಣ ಬಳಿದಿದ್ದ! ಕಂಪ್ಯೂಟರಿನೊಳಗೆ ಯಾವ ಮಳೆ ಬರುತ್ತದೆ, ಯಾವ ತುಕ್ಕು ಹಿಡಿಯುತ್ತದೆ? ಬಿಚ್ಚಿ, ಉಜ್ಜಿ, ಮತ್ತೆ ಕೂರಿಸಿದೆ.

ಅಂತೂ ಹಂಪಯ್ಯನಿಲ್ಲದ ವಿಡಿಯೊ ತಯಾರಾಗಿದೆ. ಉಮಾಶ್ರೀ ಒಬ್ಬಳೇ ನಡೆದು ಬರುವುದನ್ನು ನೋಡಿದೆ. ನನಗೆ ಸರಿ ಅನಿಸಲಿಲ್ಲ, ನಿನಗೆ ಅನಿಸಿದರೆ ಸಾಕು.

ಕರೆಯಲು ಯಾರು ಸಿಕ್ಕರು, ಬರಿ.

ನಿನ್ನ ಅಣ್ಣ
ಹನುಮಂತರಾಯ

*

ಸೇಡಂ
ಜುಲೈ 17, 2025

ಅಣ್ಣನಿಗೆ ನಮಸ್ಕಾರಗಳು.

ಚಿಕ್ಕಂದಿನಿಂದಲೂ ನಿನಗೆ ಸುಳ್ಳು ಹೇಳಲು ಬರುವುದಿಲ್ಲ. ಪರಿಚಯದವನೊಬ್ಬನಂತೆ!

ನಮ್ಮ ಮನೆಯ ಕಿಟಕಿ, ಗೇಟು, ಹಗ್ಗದ ಮಂಚದ ಕಾಲು, ಕೊಡ ಇಡುವ ಸ್ಟ್ಯಾಂಡು, ಎಲ್ಲವೂ ಅವನ ಕೈಯವು, ಎಲ್ಲಕ್ಕೂ ಕೆಂಪು ಬಣ್ಣ. ಅತ್ತೆಗೆ ಒಂದು ಊರುಗೋಲು ಮಾಡಿಸೋ ಎಂದರೆ ಕಬ್ಬಿಣದ ಕೊಳವೆಯದು ತಂದುಕೊಟ್ಟ. ಎತ್ತಿ ಇಡಲು ಇನ್ನೊಬ್ಬರು ಬೇಕು. ಅದಕ್ಕೂ ಕೆಂಪು ಬಣ್ಣ. ಅತ್ತೆಯ ಬಿಳಿ ಸೀರೆಯ ಮಡಿಕೆಯಲ್ಲಿ ಅದರ ಕಲೆ ಇನ್ನೂ ಇದೆ. ಕಬ್ಬಿಣ ಕಂಡ ಕೂಡಲೇ ಬಣ್ಣ ಬಳಿಯುವವನು ನಮ್ಮ ಬಳಗದಲ್ಲಿ ಒಬ್ಬನೇ.

ಅಂದರೆ ನಾನು ಇಲ್ಲಿ ಅವನ ಮುಖ ನೋಡುವುದಿಲ್ಲ ಎಂದು ಕೂತಿದ್ದೇನೆ, ನೀನು ಅಲ್ಲಿ ಅವನ ಜೊತೆ ಕೂತು ಚಹಾ ಕುಡಿಯುತ್ತಿದ್ದೀ. ಅವನನ್ನು ತೆಗೆಯುವ ಯಂತ್ರಕ್ಕೆ ಅವನಿಂದಲೇ ಪಟ್ಟಿ ಮಾಡಿಸಿದ್ದೀ. ನಿನಗೆ ನಾಚಿಕೆ ಆಗಲಿಲ್ಲವೇ? ಅವನಿಗಾದರೂ ಗೊತ್ತಿದೆಯೇ?

ಏನಂದ ಎಂದು ತಿಳಿಯುವುದು ನನಗೆ ಬೇಕಾಗಿಲ್ಲ. ಏನಂದ ಎಂದು ಬರಿ.

ಕರೆಯಲು ಯಾರೂ ಸಿಕ್ಕಿಲ್ಲ. ಬಗಲಿನ ಮನೆಯವರಿಗೆ ಕೇಳಿದೆ. "ಕಾಕಾ ಜೀವಂತ ಇದ್ದಾಗ ನಾವು ಹೋದ್ರ ಬೀಗರು ಏನಂತಾರ್ರೀ ಅಕ್ಕಾ" ಅಂದರು. ಅತ್ತೆ ಎರಡು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ.

ಶಾರದಾ

*

ಕಾಚಿಗೂಡ
ಜುಲೈ 20, 2025

ತಂಗಿ ಶಾರದಾಬಾಯಿಗೆ ಆಶೀರ್ವಾದಗಳು.

ಹೌದು, ಹಂಪಯ್ಯನೇ. ಇಷ್ಟು ದೊಡ್ಡ ಹೈದರಾಬಾದಿನಲ್ಲಿ ಒಂದು ಬೆರಳಿನಗಲದ ಪಟ್ಟಿಗಾಗಿ ಯಾವ ವೆಲ್ಡಿಂಗ್ ಅಂಗಡಿಯವನೂ ತಲೆ ಎತ್ತಿ ನೋಡುವುದಿಲ್ಲ. ಬೀಗತನದವನು ಎಂದು ಉಪ್ಪಲ್‌ನ ಅವನ ವೆಲ್ಡಿಂಗ್ ಅಂಗಡಿಗೆ ಮೆಟ್ರೋ ಹತ್ತಿಕೊಂಡು ಹೋದೆ. ನಿನಗೆ ಹೇಳಿದರೆ ಕುಣಿಯುತ್ತೀ ಎಂದು ಹೇಳಲಿಲ್ಲ. ಈಗ ಕುಣಿ.

ಎರಡನೇ ಪಟ್ಟಿ ತಂದ ದಿನ ನಮ್ಮ ಮನೆಯಲ್ಲೇ ಕೂತು ಕಾನಸಿನಿಂದ ಅದರ ಅಂಚು ತೀಡುತ್ತಿದ್ದ. ತೀಡುತ್ತ ತೀಡುತ್ತ ಕೇಳಿದ:

"ಮಾಮಾ, ಇಷ್ಟೆಲ್ಲ ಗದ್ದಲ ಮಾಡಾಕತ್ತೀರಿ. ಈ ಮಷೀನು ಏನು ಮಾಡ್ತೈತ್ರಿ?"

ನಾನು ಸುಳ್ಳು ಹೇಳಲು ಬಾರದವನು ಎಂದು ನೀನೇ ಬರೆದಿದ್ದೀ. "ನಿನ್ನ ತೆಗಿತೈತಿ" ಎಂದೆ.

"ಎಲ್ಲಿಂದ?"

"ಮದುವಿಯಿಂದ."

ಕಾನಸು ನಿಲ್ಲಲಿಲ್ಲ. "ವೈನಿ ಹೇಳ್ಯಾಳೇನ್ರಿ?" ಎಂದ. ಹೌದು ಎಂದೆ. "ಹಂಗಾರ ಸರಿಯಾಗಿ ಕೂಡಬೇಕು. ಇಲ್ಲಂದ್ರ ಅರ್ಧಾ ತೆಗದು ಅರ್ಧಾ ಬಿಟ್ಟೀತು, ಕೈ ಒಂದ ಉಳದ್ರ ಚೆಂದ ಕಾಣಂಗಿಲ್ಲ" ಎಂದು ಮತ್ತೆ ತೀಡತೊಡಗಿದ.

ಗೋದಾವರಿಗೆ ತಡೆಯಲಾಗಲಿಲ್ಲ. "ಅಲ್ಲೋ ಹಂಪಯ್ಯ, ಹೆಣ್ಣು ಒಪ್ಪಸೋ ಹೊತ್ತಿನ್ಯಾಗ ಎಲ್ಲಿ ಸತ್ತಿದ್ದಿ?" ಎಂದು ನೇರ ಕೇಳಿದಳು. ಕಾನಸು ಕೆಳಗಿಟ್ಟ. ಆಮೇಲೆ ಎಲ್ಲ ಹೇಳಿದ. ನಿನಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. ನಿಮ್ಮಿಬ್ಬರ ನಡುವೆ ನಾನು ಸಾಕಾಗಿ ಹೋಗಿದ್ದೇನೆ, ಆ ಮಾತು ಮುರಿಯುತ್ತಿದ್ದೇನೆ.

ಉಮಾಶ್ರೀಯ ಸಾಮಾನಿನ ಟೆಂಪೋ ರಾಯಚೂರಿಗೆ ಹೊರಡಲು ನಿಂತಿತ್ತಲ್ಲ, ನೀನು ಕೊಟ್ಟ ಉಕ್ಕಿನ ಅಲಮಾರಿ ಅದರಲ್ಲಿ ಅಲುಗಾಡುತ್ತಿತ್ತು. ಅವನಿಗೆ ಅಲುಗಾಡುವುದೆಂದರೆ ಆಗದು. ಹಗ್ಗ ಹಿಡಿದು ಮೇಲೆ ಹತ್ತಿ, ಅಲಮಾರಿಯ ಹಿಂದೆ ಇಳಿದು ಗಂಟು ಹಾಕುತ್ತಿದ್ದ. ಡ್ರೈವರನಿಗೆ ಅದು ಗೊತ್ತಿಲ್ಲ. ಗಾಡಿ ಬಿಟ್ಟ. ಬ್ಯಾಂಡಿನ ಸದ್ದು, ಪಟಾಕಿ. ಇವನು ಮೇಲಿನಿಂದ ತಗಡು ಬಡಿದದ್ದು, ಒದರಿದ್ದು ಯಾರಿಗೂ ಕೇಳಲಿಲ್ಲ. ಸಿಮೆಂಟ್ ಫ್ಯಾಕ್ಟರಿಯ ಹತ್ತಿರ ಲಾರಿಗಳು ಅಡ್ಡ ನಿಂತಾಗ ಟೆಂಪೋ ನಿಂತಿತು, ಆಗ ಜಿಗಿದ. ಹೊಸ ಧೋತರದಲ್ಲಿ ಓಡುತ್ತ ವಾಪಸು ಬಂದರೆ ಪೆಂಡಾಲಿನಲ್ಲಿ ಕುರ್ಚಿ ಎತ್ತುತ್ತಿದ್ದಾರೆ. ನೀನು ಬಾಗಿಲಲ್ಲಿ ನಿಂತು ಎಲ್ಲರೆದುರು, "ಈಗ ಬಂದ್ಯಾ, ದೊಡ್ಡ ಮನಷ್ಯಾ" ಅಂದೆಯಂತೆ.

"ಆವಾಗ್ಲೇ ಹೇಳಬೇಕಿತ್ತಲ್ಲೋ" ಎಂದೆ.

"ಏನಂತ ಹೇಳ್ಲಿ ಮಾಮಾ? ಬೀಗರು ಅದಾರ, ಮಂದಿ ಐತಿ. ಸಾಮಾನಿನ ಜೋಡಿ ನಾನೂ ಸಾಮಾನಾಗಿ ಹೋಗಿದ್ದೆ ಅಂತ ಹೇಳ್ಲೇನು? ಸಿಟ್ಟಾಗಿ ಹೋದ ಅಂದ್ರ ಮರ್ಯಾದಿ ಉಳೀತೈತಿ."

ಶಾರದಾ, ಮೈಕಿನವನು ಯಾರ ಹೆಸರು ಯಾವಾಗ ಓದಿದ ಎಂಬುದು ಅವನಿಗೆ ಗೊತ್ತೇ ಇಲ್ಲ. ಆ ಹೊತ್ತಿನಲ್ಲಿ ಅವನು ಹಗ್ಗ ಹುಡುಕುತ್ತಿದ್ದ.

ಪಂಚಮಿಗೆ ಹೋಗಿ ಹುಡುಗಿಯನ್ನು ಕರೆದು ತಾ ಎಂದೆ. "ವೈನಿ ಹೋಗು ಅಂದ್ರ ಹೋಗ್ತೀನಿ. ಕರೀದ ಹೋದ್ರ ಮತ್ತ ಸಾಮಾನಿನಂಗ ಹೋದಂಗ" ಎಂದ. ನಾನು ನಿನಗೆ ಹೇಳಿ ನೀನು ನನಗೆ ಹೇಳಿ ನಾನು ಅವನಿಗೆ ಹೇಳಿ, ಇದು ಇನ್ನು ನನ್ನಿಂದ ಆಗದು. ನಾನು ಟಪಾಲಿನ ಡಬ್ಬಿಯಲ್ಲ. ಅವನ ಅಂಗಡಿಯ ವಿಳಾಸ ಈ ಹಾಳೆಯ ಹಿಂದೆ ಬರೆದಿದ್ದೇನೆ. ಏನು ಬೇಕೋ ನೀನೇ ಬರಿ, ಬೇಗ ಬರಿ, ಪಂಚಮಿ ನಮ್ಮ ಮುನಿಸು ಮುಗಿಯುವವರೆಗೆ ಕಾಯುವುದಿಲ್ಲ.

ನಿನ್ನ ಅಣ್ಣ
ಹನುಮಂತರಾಯ

*

ಸೇಡಂ
ಜುಲೈ 23, 2025

ಅಣ್ಣನಿಗೆ ನಮಸ್ಕಾರಗಳು.

ನಿನ್ನ ಕಾಗದ ಅತ್ತೆಗೆ ಓದಿ ಹೇಳಿದೆ. ಟೆಂಪೋ ಹೊರಟಿತು ಎನ್ನುವಲ್ಲಿ ಅತ್ತೆ ನಕ್ಕರು. ನಾನೂ ನಕ್ಕೆ. ಫ್ಯಾಕ್ಟರಿಯ ಹತ್ತಿರ ಜಿಗಿದ ಎನ್ನುವಲ್ಲಿ ಅವರಿಗೆ ಕೆಮ್ಮು ಹತ್ತುವಷ್ಟು ನಗು. ಓಡುತ್ತ ಬಂದ ಎನ್ನುವುದನ್ನು ಅತ್ತೆ ಎರಡು ಸಲ ಓದಿಸಿದರು. ಆಮೇಲೆ ಅತ್ತೆ ಎದ್ದು ತಾವೇ ತಾಟು ಹಾಕಿಕೊಂಡು ಉಂಡರು.

ಆ ಅಲಮಾರಿಗೆ ಒಂದು ಗೀರು ಬಿದ್ದಿಲ್ಲ ಎಂದು ಉಮಾ ಅವತ್ತೇ ಹೇಳಿದ್ದಳು. ಯಾರು ಕಟ್ಟಿದರು ಎಂದು ನಾನು ಕೇಳಲಿಲ್ಲ.

ಅವನಿಗೆ ಬರೆದಿದ್ದೇನೆ. ಏನು ಬರೆದೆ ಎಂದು ನಿನಗೆ ಹೇಳುವುದಿಲ್ಲ.

ಈಗ ನೀನು ಅವನನ್ನು ಮತ್ತೆ ಹಾಕು. ಮಂಟಪದಲ್ಲಿ, ಪಂಕ್ತಿಯಲ್ಲಿ, ಎಲ್ಲಾ ಕಡೆ. ನೀನು ಹಲ್ಲು ಕಡಿಯುವುದು ನನಗೆ ಇಲ್ಲಿಂದಲೇ ಗೊತ್ತಾಗುತ್ತದೆ, ಆದರೂ ಹಾಕು. ಓಣಿಯವರ ಎದುರು ನನ್ನ ಮಗಳು ಒಬ್ಬಳೇ ಬರಬಾರದು.

ಶಾರದಾ

*

ಕಾಚಿಗೂಡ
ಜುಲೈ 27, 2025

ತಂಗಿ ಶಾರದಾಬಾಯಿಗೆ ಆಶೀರ್ವಾದಗಳು.

ಗಂಗೂಬಾಯಿ ಅತ್ತೆಯವರು ಉಂಡರೆಂದು ಓದಿ ಗೋದಾವರಿ ಕೈ ಮುಗಿದಳು. ನಾನು ಹಲ್ಲು ಕಡಿದದ್ದೂ ನಿಜ.

ಈ ಕಾಗದ ಟಪಾಲಿನಲ್ಲಿ ಬಂದಿಲ್ಲ, ಇವತ್ತು ಸಂಜೆ ಸೇಡಂಗೆ ಹೊರಟ ನಮ್ಮ ಓಣಿಯ ಹುಡುಗನೊಬ್ಬನ ಕೈಯಲ್ಲಿ ಬಂದಿದೆ. ದಾರಿಯಲ್ಲಿ ಒಡೆದು ಓದಿದ್ದರೂ ಓದಿರುತ್ತಾನೆ, ಕೇಳಬೇಡ. ಇವತ್ತು ಮುಂಜಾನೆ ಕಾಚಿಗೂಡದಲ್ಲಿ ನಾನೇ ಹಂಪಯ್ಯನನ್ನು ರಾಯಚೂರಿನ ರೈಲು ಹತ್ತಿಸಿದೆ. ನಿನ್ನ ಕಾಗದ ಅಂಗಿಯ ಕಿಸೆಯಲ್ಲಿತ್ತು. "ಏನು ಬರದಾಳೋ?" ಎಂದು ಕೇಳಿದೆ. "ಬೈದಾಳ್ರಿ" ಎಂದ. ತನ್ನ ಲಗ್ನವಾದ ದಿನವೂ ಅವನ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿಲ್ಲ. ನಾಳೆ, ಪಂಚಮಿಯ ಹಿಂದಿನ ದಿನದ ರೊಟ್ಟಿ ಹಬ್ಬದ ಹೊತ್ತಿಗೆ ಉಮಾಶ್ರೀಯನ್ನು ನಿನ್ನ ಮನೆಗೆ ಮುಟ್ಟಿಸುತ್ತಾನೆ.

ಇನ್ನು ವಿಡಿಯೊ. ಸಮಾಧಾನದಿಂದ ಓದು.

ಅವನನ್ನು ಎಲ್ಲಾ ಕಡೆ ಹಾಕಿದೆ. ಕಂಪ್ಯೂಟರನ್ನು ಕೆಲಸಕ್ಕೆ ಹಚ್ಚಿದೆ. ಇನ್ನೇನು ಮುಗಿಯಿತು ಎನ್ನುವಾಗ ಪರದೆಯ ಮೇಲೆ ಬಣ್ಣಬಣ್ಣದ ಚೌಕ ಮೂಡಿ ನಿಂತುಹೋಯಿತು. ಮತ್ತೆ ಹಚ್ಚಿದೆ, ಮತ್ತೆ ಹಾಗೇ. ಮುಟ್ಟಿ ನೋಡಿದರೆ ಕೂಲರು ತಣ್ಣಗಿದೆ, ಫ್ಯಾನು ಗಾಳಿ ಬೀಸುತ್ತಿದೆ. ಏನು ಬೇನೆ ಎಂದು ತಲೆ ಕೆರೆದುಕೊಂಡು, ಕೊನೆಗೆ ಕಾರ್ಡಿನ ಮೇಲೆ ಬೆರಳಾಡಿಸಿದಾಗ ಸುಟ್ಟಿತು. ದೊಡ್ಡ ಚಿಪ್ಪಿನ ಸುತ್ತ ನೆನಪಿನ ಸಣ್ಣ ಚಿಪ್ಪುಗಳಿವೆ. ಕೆಟ್ಟ ಫ್ಯಾನುಗಳ ಕೆಳಗಿದ್ದ ಹಳೆಯ ತಗಡು ಅವುಗಳ ಬಿಸಿಯನ್ನೂ ಹೀರುತ್ತಿತ್ತು. ನಾವು ಅದನ್ನು ಕಿತ್ತು, ನಡುವಿನ ದೊಡ್ಡದಕ್ಕೆ ಮಾತ್ರ ಕೂಲರು ಕೂರಿಸಿ ಬೀಗಿದೆವು. ಸಣ್ಣವು ಬರಿಮೈಯಲ್ಲಿ ಕಾದು ಕಾದು ಕೆಟ್ಟಿವೆ. ಇಷ್ಟು ವರ್ಷ ಈ ಕೆಲಸ ಮಾಡಿದವನಿಗೆ ಅಷ್ಟು ಹೊಳೆಯಬಾರದೇ! ನನ್ನ ಮೇಲೆಯೇ ಎಷ್ಟು ಸಿಟ್ಟು ಬಂದಿದೆಯೆಂದರೆ, ನಿನ್ನ ಮೇಲಿನದನ್ನೆಲ್ಲ ಮರೆತುಬಿಟ್ಟೆ. ಬೇರೆ ಕಾರ್ಡು ಹುಡುಕಬೇಕು. ಪಂಚಮಿಗೆ ಆಗುವುದಿಲ್ಲ. ಅವನಿದ್ದ ಹಳೆಯ ವಿಡಿಯೊಗಳನ್ನು ನೀನು ತೆಗೆ ಎಂದಾಗಲೇ ಜಾಗ ಸಾಲದೆ ಅಳಿಸಿಬಿಟ್ಟಿದ್ದೆ.

ಹಂಪಯ್ಯ ತರುತ್ತಿರುವ ಪೆನ್‌ಡ್ರೈವಿನಲ್ಲಿ ಇರುವುದು ತಯಾರಾಗಿದ್ದ ಒಂದೇ ಒಂದು ವಿಡಿಯೊ. ಅವನಿಲ್ಲದ್ದು.

ಅವನಿಗೆ ಹೇಳದೆ ಕಳಿಸಲು ಮನಸ್ಸಾಗಲಿಲ್ಲ. ಸ್ಟೇಷನ್ನಿನಲ್ಲಿ ಹೇಳಿದೆ. "ಬ್ಯಾಡಪ್ಪಾ, ಇದನ್ನ ಒಯ್ಯಬ್ಯಾಡ, ಆಕಿಗೆ ನಾನು ಬರದು ತಿಳಸ್ತೀನಿ" ಎಂದು ವಾಪಸು ಕೈ ಚಾಚಿದೆ. ಕೊಡಲಿಲ್ಲ. ನಿನ್ನ ಕಾಗದವಿದ್ದ ಕಿಸೆಯಲ್ಲೇ ಅದನ್ನೂ ಹಾಕಿಕೊಂಡ.

"ಓಣಿ ಮಂದಿನ್ನ ಕರದಾಳ ವೈನಿ. ಬರಿಗೈಲೆ ಹ್ಯಾಂಗ ಹೋಗ್ಲಿ? ನಾ ಅಲ್ಲೇ ಟಿವಿ ಬಗಲಾಗ ಕುಂತಿರ್ತೀನಿ ಮಾಮಾ. ಉಮಾನ ಜೋಡಿ ಯಾರು ಬಂದ್ರು ಅಂತ ಯಾರರ ಕೇಳಿದ್ರ ನನ್ನ ಕಡಿ ನೋಡ್ಲಿ" ಎಂದ. ರೈಲು ಅಲುಗಿತು. ಕಿಟಕಿಯ ಸರಳನ್ನು ಒಮ್ಮೆ ಅಲ್ಲಾಡಿಸಿ ನೋಡಿ, "ಗಟ್ಟಿ ಇಲ್ರಿ ಇದು" ಎಂದು ಹೋದ.

ಇಲ್ಲಿ ಗೋದಾವರಿ ನಾಳೆ ಸಂಜೆಯಿಂದಲೇ ನನ್ನ ತಲೆ ತಿನ್ನುತ್ತಾಳೆ, ಹುಡುಗಿ ಮುಟ್ಟಿದಳೇ, ಅವನು ಅವರ ಮನೆಯ ಬಾಗಿಲಲ್ಲಿ ಏನಂದ, ನೀನು ಇವನಿಗೆ ಮೊದಲು ನೀರು ಕೊಟ್ಟೆಯೋ ಬೈಗುಳ ಕೊಟ್ಟೆಯೋ ಎಂದು. ನನಗೂ ಅದೇ ಬೇಕು. ಪಂಚಮಿಯ ಉಂಡೆ ಕಟ್ಟುವುದು ಸ್ವಲ್ಪ ತಡವಾದರೂ ನಡೆಯುತ್ತದೆ, ಅವರು ಮುಟ್ಟಿದ ಕೂಡಲೇ ಕೂತು ಎರಡು ಸಾಲು ಬರೆದು ಟಪಾಲಿಗೆ ಹಾಕು.

ನಿನ್ನ ಅಣ್ಣ
ಹನುಮಂತರಾಯ